ಒಣ ಮೂಳೆಗೆ ದಾರ ಸುತ್ತಿ ತೋಳನ್ನು ಓದುವುದು

ಹೆಗಲಿನಿಂದ ಮೊಣಕೈವರೆಗೆ ತೋಳಿನಲ್ಲಿರುವುದು ಒಂದೇ ಮೂಳೆ, ಹ್ಯೂಮರಸ್. ವಯಸ್ಕರಲ್ಲಿ ಸುಮಾರು 30 ಸೆಂ.ಮೀ. ಉದ್ದ, ಕೈಯ ಮೂಳೆಗಳಲ್ಲೆಲ್ಲ ಇದೇ ದೊಡ್ಡದು. ಅಂಗರಚನೆ ಕಲಿಯಲು ಬಂದವರು ಇದರ ಉಬ್ಬು, ತಗ್ಗು, ಅಂಚುಗಳ ಹೆಸರನ್ನು ಮೊದಲು ಉರು ಹೊಡೆಯುತ್ತಾರೆ. ಕೆಲವೇ ವಾರಗಳಲ್ಲಿ ಆ ಹೆಸರುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಅದಕ್ಕೇ ನಾವು ಈ ಮೂಳೆಯನ್ನು ಕಲಿಸುವಾಗ ದಾರ ಹಿಡಿಯುತ್ತೇವೆ. ಸ್ನಾಯು, ನರ, ರಕ್ತನಾಳಗಳೆಲ್ಲ ಹೋಗಿ ಬೋಳಾಗಿರುವ ಮೂಳೆಗೆ ಅವನ್ನೆಲ್ಲ ದಾರದಲ್ಲಿ ಮತ್ತೆ ಕಟ್ಟುತ್ತೇವೆ. ಒಂದು ಮೂಳೆಗೆ ಎರಡು ಗಂಟೆಯಾದರೂ ಬೇಕು. ಆ ಎರಡು ಗಂಟೆಯಲ್ಲಿ ಏನೇನಾಗುತ್ತದೆ, ಎಲ್ಲಿ ಕೈ ತಪ್ಪುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸಾಮಾನು ಹೆಚ್ಚೇನಿಲ್ಲ. ನರಕ್ಕೆ ಹಳದಿ ದಾರ, ಅಪಧಮನಿಗೆ ಕೆಂಪು, ಸ್ನಾಯುವಿಗೆ ನೀಲಿ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ನಿಗೆ ತುಸು ದಪ್ಪನೆಯ ಬಿಳಿ ನೂಲು. ದರ್ಜಿಯ ಅಳತೆ ಟೇಪು, ಪೆನ್ಸಿಲ್, ಪೇಪರ್ ಟೇಪು, ಒಂದು ಸಣ್ಣ ಟಾರ್ಚ್. ದಾರವನ್ನು ಅಂಟಿನಿಂದ ಕೂರಿಸಬಾರದು. ಮೂಳೆಯ ಎರಡು ತುದಿಗಳಲ್ಲಿ ಹೊರಪದರ ಕಾಗದದಷ್ಟು ತೆಳು, ಒಳಗೆಲ್ಲ ಸ್ಪಂಜಿನಂಥ ಜಾಲ. ಅಂಟು ಕಿತ್ತರೆ ಹೊರಪದರವೂ ಜೊತೆಗೆ ಎದ್ದುಬರುತ್ತದೆ. ಪೆನ್ನಿನ ಶಾಯಿ ಒಳಕ್ಕೆ ಇಂಗಿ ಅಲ್ಲೇ ಉಳಿಯುತ್ತದೆ. ಗುರುತು ಹಾಕುವುದಿದ್ದರೆ ಮೊದಲು ಪೇಪರ್ ಟೇಪಿನ ತುಂಡು, ಅದರ ಮೇಲೆ ಪೆನ್ಸಿಲ್. ಈ ಮೂಳೆ ಒಬ್ಬ ಮನುಷ್ಯನದು. ಅದನ್ನು ಮೇಜಿನ ಅಂಚಿನಲ್ಲಿಡುವುದಿಲ್ಲ, ಒಂದೇ ಕೈಯಲ್ಲಿ ತುದಿ ಹಿಡಿದು ಎತ್ತುವುದೂ ಇಲ್ಲ.

ದಾರ ಮುಟ್ಟುವ ಮುಂಚೆ ಮೂಳೆ ಎಡಗೈಯದೋ ಬಲಗೈಯದೋ ಎಂದು ತೀರ್ಮಾನಿಸಬೇಕು. ದುಂಡನೆಯ ತಲೆ ಮೇಲಕ್ಕೆ, ಅದರ ನುಣುಪು ಮುಖ ದೇಹದ ಒಳಗಡೆಗೆ. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸಿ ಉತ್ತರ ಹೇಳುತ್ತಾರೆ, ಅರ್ಧಕ್ಕರ್ಧ ತಪ್ಪುತ್ತಾರೆ. ತಲೆ ಒಳಕ್ಕಿದ್ದರೂ ಮೂಳೆ ಹಿಂದುಮುಂದಾಗಿ ನಿಂತಿರಬಹುದು. ಕೆಳತುದಿಯಲ್ಲಿ ಹೆಬ್ಬೆರಳು ಕೂರುವಷ್ಟು ಆಳದ ಗುಳಿಯೊಂದಿದೆ, ಓಲೆಕ್ರೆನನ್ ಗುಳಿ; ಮುಂದೋಳಿನ ಮೂಳೆಯ ಮೊಣಕೈ ತುದಿಯಾದ ಓಲೆಕ್ರೆನನ್ ಕೂರುವ ಜಾಗ. ಅದು ಹಿಂದಕ್ಕೆ ಬರಬೇಕು. ಮೇಲ್ತುದಿಯಲ್ಲಿ ಎರಡು ಉಬ್ಬುಗಳ ನಡುವಿನ ತೋಡು ಮುಂದಕ್ಕೆ ಬರಬೇಕು. ಈ ಮೂರೂ ಒಟ್ಟಿಗೆ ಕೂಡಿಬಂದರೆ ಮಾತ್ರ ಬದಿ ಹೇಳಬಹುದು.

ಬದಿ ಗೊತ್ತಾದ ಮೇಲೆ ಮೂಳೆಯನ್ನು ಬೆನ್ನಡಿಯಾಗಿ ಮಲಗಿಸಿ, ಮೇಲ್ತುದಿಯ ಕಡೆಯಿಂದ ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ ನೋಡುತ್ತೇವೆ. ಕೆಳತುದಿ ಮೇಜಿಗೆ ಸಮವಾಗಿರುತ್ತದೆ, ತಲೆ ಮಾತ್ರ 20ರಿಂದ 30 ಡಿಗ್ರಿಯಷ್ಟು ಹಿಂದಕ್ಕೆ ತಿರುಗಿರುತ್ತದೆ. ಮೂಳೆ ತಿರುಚಿಕೊಂಡಿದೆ, ಹಾಳಾಗಿದೆ ಎಂದು ಅನುಮಾನಿಸುವವರೂ ಉಂಟು. ಹೆಗಲ ಹಿಂಬದಿಯ ಹಲಗೆ ಮೂಳೆಯಾದ ಸ್ಕ್ಯಾಪುಲಾ ಪಕ್ಕೆಲುಬುಗಳ ಗುಂಡನೆಯ ಗೂಡಿನ ಮೇಲೆ ಕೂತಿರುವುದರಿಂದ ಅದರ ಕೀಲುತಟ್ಟೆ ನೇರ ಹೊರಕ್ಕಲ್ಲ, ಹೊರಗೂ ಮುಂದಕ್ಕೂ ಮುಖ ಮಾಡಿರುತ್ತದೆ. ಅದನ್ನು ಎದುರುಗೊಳ್ಳಲು ತೋಳಿನ ತಲೆ ಹಿಂದಕ್ಕೆ ತಿರುಗಲೇಬೇಕು. ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ಈ ತಿರುವನ್ನು ತಪ್ಪಾಗಿ ಕೂರಿಸಿದರೆ ಹೊಸ ಕೀಲು ಮುಂದಕ್ಕೋ ಹಿಂದಕ್ಕೋ ಜಾರುವ ಅಪಾಯವಿರುತ್ತದೆ.

ತಲೆಯೆಂದರೆ ಪೂರ್ತಿ ಚೆಂಡಲ್ಲ, ಗೋಳದ ಸುಮಾರು ಮೂರನೇ ಒಂದು ಭಾಗ. ಸ್ಕ್ಯಾಪುಲಾದ ತಟ್ಟೆ ಅದಕ್ಕಿಂತ ಎಷ್ಟೋ ಸಣ್ಣದು. ಯಾವುದೇ ಹೊತ್ತಿನಲ್ಲಿ ತಲೆಯ ಮೂರರಲ್ಲೊಂದು ಪಾಲನ್ನಷ್ಟೇ ಅದು ಮುಟ್ಟಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಕೂಡಿಸಿ ನೋಡಿದರೆ, ಇಷ್ಟು ಆಳವಿಲ್ಲದ ಕೀಲು ಕಳಚದೆ ಇರುವುದು ಹೇಗೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಉತ್ತರ ಉಬ್ಬುಗಳಲ್ಲಿದೆ.

ಹೊರಗಿನ ದೊಡ್ಡ ಉಬ್ಬು ಗ್ರೇಟರ್ ಟ್ಯೂಬರ್ಕಲ್. ಅದರ ಮೇಲೆ ಮೂರು ಚಪ್ಪಟೆ ಗುರುತುಗಳಿವೆ. ನೇರ ಮೇಲಿನಿಂದ ಬೀಳುವ ಬೆಳಕಿನಲ್ಲಿ ಅವು ಕಾಣುವುದಿಲ್ಲ, ಎರಡೇ ಇವೆ ಎಂದು ವಾದಕ್ಕೆ ನಿಲ್ಲುತ್ತಾರೆ. ಟಾರ್ಚನ್ನು ಮೂಳೆಯ ಮಟ್ಟಕ್ಕೇ ತಂದು ಅಡ್ಡಬೆಳಕು ಬಿಟ್ಟರೆ ನೆರಳು ಮೂಡಿ ಮೂರೂ ಬಿಡಿಬಿಡಿಯಾಗಿ ಕಾಣುತ್ತವೆ: ಮೇಲಿನದು ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿಗೆ, ನಡುವಿನದು ಇನ್‌ಫ್ರಾಸ್ಪೈನೇಟಸ್ಸಿಗೆ, ಕೆಳಗಿನದು ಟೆರಿಸ್ ಮೈನರ್‌ಗೆ. ಮುಂದಿನ ಸಣ್ಣ ಉಬ್ಬು, ಲೆಸ್ಸರ್ ಟ್ಯೂಬರ್ಕಲ್, ಸಬ್‌ಸ್ಕ್ಯಾಪುಲಾರಿಸ್‌ಗೆ. ನಾಲ್ಕಕ್ಕೂ ನೀಲಿ ದಾರ ಕಟ್ಟಿ ಸ್ಕ್ಯಾಪುಲಾದ ಕಡೆಗೆ ಎಳೆದು ಹಿಡಿದಾಗ, ತಲೆ ತಟ್ಟೆಗೆ ಒತ್ತಿ ನಿಲ್ಲುತ್ತದೆ. ಒಂದು ದಾರ ಸಡಿಲಿಸಿದರೆ ತಲೆ ಪಕ್ಕಕ್ಕೆ ಸರಿಯುತ್ತದೆ. ರೊಟೇಟರ್ ಕಫ್ ಎಂಬುದು ಈ ನಾಲ್ಕೇ. ವಯಸ್ಸಾದಂತೆ ಹರಿಯುವುದು ಹೆಚ್ಚಾಗಿ ಸುಪ್ರಾಸ್ಪೈನೇಟಸ್ಸಿನ ಟೆಂಡನ್, ಅದು ಮೂಳೆಗೆ ಕೂರುವ ಜಾಗದ ಹತ್ತಿರವೇ.

ಎರಡು ಉಬ್ಬುಗಳ ನಡುವಿನ ತೋಡಿನಲ್ಲಿ ಬಿಳಿ ನೂಲನ್ನು ಕೂರಿಸಿ ತಲೆಯ ಮೇಲಿಂದ ಹಾಯಿಸಿ ಕೀಲುತಟ್ಟೆಯ ಮೇಲಂಚಿಗೆ ಮುಟ್ಟಿಸುತ್ತೇವೆ. ಇದು ಬೈಸೆಪ್ಸ್ ಸ್ನಾಯುವಿನ ಉದ್ದ ತಲೆಯ ಟೆಂಡನ್ (ಸ್ನಾಯುವಿನ ತಲೆಯೆಂದರೆ ಅದು ಹುಟ್ಟುವ ತುದಿ). ಅದೇ ತೋಡಿನ ಹೊರ ಅಂಚಿಗೆ ಎದೆಯ ಸ್ನಾಯು ಪೆಕ್ಟೊರಾಲಿಸ್ ಮೇಜರ್, ತಳಕ್ಕೆ ಬೆನ್ನಿನ ಸ್ನಾಯು ಲ್ಯಾಟಿಸಿಮಸ್ ಡಾರ್ಸೈ, ಒಳ ಅಂಚಿಗೆ ಟೆರಿಸ್ ಮೇಜರ್ ಬಂದು ಸೇರುತ್ತವೆ. ಮೂರೂ ತೋಳನ್ನು ಮೈಕಡೆಗೆ ಎಳೆಯುವಂಥವು. ಈ ನೀಲಿ ದಾರಗಳನ್ನು ಬಿಚ್ಚದೆ ಬಿಡುವುದು ಮುಖ್ಯ, ಮುರಿತದ ಮಾತು ಬಂದಾಗ ಇವೇ ಬೇಕಾಗುತ್ತವೆ.

ಮೇಲ್ತುದಿಗೆ ಕತ್ತುಗಳು ಎರಡಿವೆ. ಎರಡನ್ನೂ ಒಂದೇ ಎಂದುಕೊಳ್ಳುವ ತಪ್ಪು ಎಲ್ಲರಿಂದಲೂ ಆಗುತ್ತದೆ. ನುಣುಪಾದ ತಲೆಯ ಸುತ್ತ ಓಡುವ ತೆಳ್ಳನೆಯ ತಗ್ಗು ಅನಾಟಮಿಕಲ್ ನೆಕ್. ಕೀಲುಚೀಲ ಬಹುತೇಕ ಅಲ್ಲಿ ಅಂಟಿರುತ್ತದೆ. ಉಬ್ಬುಗಳೆಲ್ಲ ಮುಗಿದು ಮೂಳೆ ಸಪೂರವಾಗುವ ಜಾಗ ಸರ್ಜಿಕಲ್ ನೆಕ್. ಹೆಚ್ಚು ಮುರಿಯುವುದು ಎರಡನೆಯದು. ವಯಸ್ಸಾದವರು, ಅದರಲ್ಲೂ ಮೂಳೆ ಟೊಳ್ಳಾಗಿರುವವರು, ಚಾಚಿದ ಕೈಯ ಮೇಲೆ ಬಿದ್ದಾಗ ಮುರಿಯುವ ಜಾಗಗಳಲ್ಲಿ ಇದೂ ಒಂದು. ಮೊದಲ ಹಳದಿ ದಾರ ಇಲ್ಲಿಗೆ: ಸರ್ಜಿಕಲ್ ನೆಕ್ಕಿನ ಹಿಂದಿನಿಂದ ಸುತ್ತಿಬರುವ ಆಕ್ಸಿಲರಿ ನರ, ಜೊತೆಗೊಂದು ಕೆಂಪು ದಾರ. ಈ ನರ ಹೆಗಲನ್ನು ಮುಚ್ಚಿರುವ ಡೆಲ್ಟಾಯ್ಡ್ ಸ್ನಾಯುವಿಗೂ ಹೆಗಲ ಹೊರಗಡೆಯ ಅಂಗೈಯಗಲದ ಚರ್ಮಕ್ಕೂ ಹೋಗುತ್ತದೆ. ಮುರಿತದ ನಂತರ ಆ ಚರ್ಮ ಮುಟ್ಟಿ ಸ್ಪರ್ಶವಿದೆಯೇ ಎಂದು ಕೇಳುವುದು ವಾಡಿಕೆ. ಚರ್ಮದ ಸ್ಪರ್ಶ ಸರಿಯಿದ್ದೂ ಸ್ನಾಯು ಸೋತಿರುವುದುಂಟು. ತೋಳನ್ನು ಅಲುಗಿಸದೆ ಡೆಲ್ಟಾಯ್ಡನ್ನು ಬಿಗಿಯಲು ಹೇಳಿ, ಬೆರಳಿಟ್ಟು ನೋಡುವುದೇ ಹೆಚ್ಚು ನಂಬಿಕೆಯ ಪರೀಕ್ಷೆ.

ಈಗ ಮೂಳೆಯ ಕಾಂಡ. ಮೇಲರ್ಧ ದುಂಡು, ಕೆಳಗಿಳಿದಂತೆ ಮೂರು ಮೂಲೆ, ಕೊನೆಗೆ ಹಿಂದುಮುಂದಿನಿಂದ ಒತ್ತಿದಂತೆ ಚಪ್ಪಟೆ. ಕಣ್ಣು ಮುಚ್ಚಿ ಹಿಡಿಯಲ್ಲಿ ಸರಿಸಿದರೆ ಈ ಬದಲಾವಣೆ ಚೆನ್ನಾಗಿ ತಿಳಿಯುತ್ತದೆ. ಒಳಗಿನ ಮಜ್ಜೆಯ ಕೊಳವೆ ಕೆಳಗೆ ಕಿರಿದಾಗುತ್ತ ಹೋಗಿ ಓಲೆಕ್ರೆನನ್ ಗುಳಿಗೆ ಮುಂಚೆಯೇ ಮುಗಿದುಬಿಡುತ್ತದೆ. ಮೇಲಿನಿಂದ ಸರಳು ಹಾಕಿ ಮುರಿತ ಕೂರಿಸುವವರು ಇದನ್ನು ಮರೆಯುವಂತಿಲ್ಲ. ಹೊರಮಗ್ಗುಲಿನ ಸರಿಸುಮಾರು ನಡುವಿನಲ್ಲಿ ಒರಟಾದ ವಿ ಆಕಾರದ ಗುರುತು ಡೆಲ್ಟಾಯ್ಡ್ ಸೇರುವ ಜಾಗ. ಅದಕ್ಕೂ ನೀಲಿ ದಾರ. ಒಳಮಗ್ಗುಲಿನಲ್ಲಿ ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಸೂಜಿ ಚುಚ್ಚಿದಂಥ ರಂಧ್ರ, ಮೂಳೆಗೆ ರಕ್ತ ತರುವ ನಾಳದ ಬಾಗಿಲು. ಅದರೊಳಗೆ ಸೂಜಿ ತೂರಿಸಬಾರದು, ಬ್ರಷ್ಷಿನ ಒಂದು ಎಳೆ ಸಾಕು. ಎಳೆ ಮೊಣಕೈಯ ದಿಕ್ಕಿಗೆ ಓರೆಯಾಗಿ ಇಳಿಯುತ್ತದೆ. ಈ ಮೂಳೆಯ ಉದ್ದದ ಬೆಳವಣಿಗೆಯಲ್ಲಿ ಸುಮಾರು ಶೇ. 80 ಮೇಲ್ತುದಿಯದು, ಆ ತುದಿ ಮೇಲಕ್ಕೆ ಸರಿದಂತೆಲ್ಲ ನಾಳದ ದಾರಿ ಹೀಗೆ ಓರೆಯಾಗಿದೆ. ತಲೆಯೂ ಇಲ್ಲದ, ಬುಡವೂ ಇಲ್ಲದ ತುಂಡು ಮೂಳೆ ಕೈಗೆ ಬಂದರೆ ಮೇಲುಕೆಳಗು ಹೇಳುವುದಕ್ಕೆ ಈ ರಂಧ್ರದ ಓರೆಯೂ ನೆರವಿಗೆ ಬರುತ್ತದೆ.

ಕಾಂಡದ ಹಿಂಬದಿಯ ರೇಡಿಯಲ್ ತೋಡಿಗೆ ನಾವು ಕೊಡುವ ಹೊತ್ತು ಉಳಿದೆಲ್ಲಕ್ಕಿಂತ ಹೆಚ್ಚು. ಪುಸ್ತಕದ ಚಿತ್ರ ನೋಡಿದವರು ಆಳವಾಗಿ ಕೊರೆದ ಕಾಲುವೆಯನ್ನು ಹುಡುಕುತ್ತಾರೆ. ಒಣ ಮೂಳೆಯಲ್ಲಿ ಅಂಥದ್ದೇನೂ ಇಲ್ಲ. ಅಗಲವಾದ, ಅಷ್ಟೇನೂ ಆಳವಿಲ್ಲದ ಒಂದು ಇಳಿಜಾರು ಒಳಮೇಲಿನಿಂದ ಹೊರಕೆಳಕ್ಕೆ ಓರೆಯಾಗಿ ಹಾಯುತ್ತದೆ. ಕಣ್ಣಿಗಿಂತ ಹೆಬ್ಬೆರಳೇ ಅದನ್ನು ಬೇಗ ಹಿಡಿಯುತ್ತದೆ. ತೋಡಿನ ಮೇಲಂಚಿನಿಂದ ತೋಳಿನ ಹಿಂಬದಿಯ ಸ್ನಾಯುವಾದ ಟ್ರೈಸೆಪ್ಸಿನ ಹೊರ ತಲೆ ಹುಟ್ಟುತ್ತದೆ, ಕೆಳಗಿನ ಅಗಲ ಬಯಲಿನಿಂದ ಅದರ ಒಳ ತಲೆ. ಅವೆರಡರ ನಡುವೆ ಉಳಿದ ಸಂದಿನಲ್ಲೇ ರೇಡಿಯಲ್ ನರ ಹೋಗುತ್ತದೆ.

ದಾರ ಹಾಕುವ ಮುಂಚೆ ಅಳತೆ. ಕೆಳತುದಿಯ ಒಳಗುಬಟಾದ ಮೀಡಿಯಲ್ ಎಪಿಕಾಂಡೈಲಿನಿಂದ ಮೇಲಕ್ಕೆ ಸುಮಾರು 20 ಸೆಂ.ಮೀ. ಅಳೆದರೆ ರೇಡಿಯಲ್ ನರ ಮೂಳೆಯ ಹಿಂಬದಿಗೆ ಬರುವ ಜಾಗ. ಹೊರಗುಬಟಾದ ಲ್ಯಾಟರಲ್ ಎಪಿಕಾಂಡೈಲಿನಿಂದ ಮೇಲಕ್ಕೆ ಸುಮಾರು 14 ಸೆಂ.ಮೀ. ಅಳೆದರೆ ಅದು ಹಿಂಬದಿ ಬಿಟ್ಟು ಹೊರಮಗ್ಗುಲಿಗೆ ಬರುವ ಜಾಗ. ಅಲ್ಲಿಂದ ಇನ್ನೂ ಇಳಿದು, ಹೊರಗುಬಟಿನಿಂದ ಸುಮಾರು 10 ಸೆಂ.ಮೀ. ಮೇಲೆ, ತೋಳಿನ ಹಿಂದಣ ಕೋಣೆಯನ್ನೂ ಮುಂದಣ ಕೋಣೆಯನ್ನೂ ಬೇರ್ಪಡಿಸುವ ಗಟ್ಟಿ ಪೊರೆಯನ್ನು ತೂರಿ ಮುಂದಕ್ಕೆ ಬರುತ್ತದೆ. ಮೂರೂ ಕಡೆ ಪೇಪರ್ ಟೇಪಿನ ಗುರುತು ಹಾಕಿ 40 ಸೆಂ.ಮೀ. ಹಳದಿ ದಾರವನ್ನು ಅವುಗಳ ಮೇಲೆ ಹಾಯಿಸಬೇಕು. ಮೂಳೆ ಗಿಡ್ಡವಿದ್ದರೆ ಈ ಅಳತೆಗಳೂ ಕುಗ್ಗುತ್ತವೆ. ಟೇಪನ್ನೇ ನಂಬಿ ತೋಡನ್ನು ಬಿಟ್ಟು ದಾರ ಕಟ್ಟಿದವರನ್ನು ಮತ್ತೆ ಹೆಬ್ಬೆರಳಿನಿಂದ ತಡವಿ ನೋಡಲು ಹೇಳುತ್ತೇವೆ.

ದಾರ ಎರಡು ಕಡೆ ಕೈಕೊಡುತ್ತದೆ. ಹಿಂಬದಿಯಲ್ಲಿ ಅದು ಜಾರಿ ಕೆಳಕ್ಕೆ ಇಳಿಯುತ್ತದೆ, ಬಿಗಿದು ಎಳೆದರೆ ತೋಡನ್ನು ಬಿಟ್ಟು ಹತ್ತಿರದ ದಾರಿ ಹಿಡಿಯುತ್ತದೆ. ನಿಜವಾದ ತೋಳಿನಲ್ಲಿ ನರ ಹೀಗೆ ಬಿಗಿದುಕೊಂಡಿಲ್ಲ. ಹಿಂಬದಿಯ ಬಹುಪಾಲು ದೂರದಲ್ಲಿ ನರಕ್ಕೂ ಮೂಳೆಗೂ ನಡುವೆ ಸ್ನಾಯುವಿನ ತೆಳು ಹಾಸು ಇರುತ್ತದೆ. ಆದ್ದರಿಂದ ಇಲ್ಲಿ ದಾರವನ್ನು ಸಡಿಲ ಬಿಟ್ಟು ಟೇಪಿನಿಂದ ಹಿಡಿಸುತ್ತೇವೆ. ಪೊರೆ ತೂರುವ ಜಾಗದಲ್ಲಿ ಮಾತ್ರ ಗಂಟು ಹಾಕಿ ಬಿಗಿಯುತ್ತೇವೆ, ಏಕೆಂದರೆ ನರವೂ ಅಲ್ಲಿ ಅತ್ತಿತ್ತ ಸರಿಯಲಾರದೆ ಸಿಕ್ಕಿಕೊಂಡಿರುತ್ತದೆ. ಮೂಳೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಓರೆಯಾಗಿ ಸುತ್ತಿದಂತೆ ಮುರಿದಾಗ ಚೂಪಾದ ತುದಿ ಈ ಸಿಕ್ಕಿಬಿದ್ದ ನರವನ್ನೇ ತಾಗುತ್ತದೆ. ಹೋಲ್‌ಸ್ಟೀನ್ ಮತ್ತು ಲೂಯಿಸ್ ಎಂಬ ವೈದ್ಯರು 1963ರಲ್ಲಿ ವಿವರಿಸಿದ ಮುರಿತ ಇದೇ. ಗಂಟು ಬಿಗಿದ ಮೇಲೆ ಇದನ್ನು ಬಾಯಲ್ಲಿ ವಿವರಿಸುವ ಅಗತ್ಯ ಹೆಚ್ಚು ಬೀಳುವುದಿಲ್ಲ.

ಹಳದಿ ದಾರಕ್ಕೆ ಇನ್ನೊಂದು ಕೆಲಸವಿದೆ. ತೋಡಿಗೆ ಇಳಿಯುವ ಮುಂಚೆಯೇ, ಅಥವಾ ಇಳಿಯುವ ಹೊತ್ತಿಗೇ, ಟ್ರೈಸೆಪ್ಸಿಗೆ ಹೋಗುವ ಕವಲುಗಳು ಬಹುಮಟ್ಟಿಗೆ ಬಿಟ್ಟುಹೋಗಿರುತ್ತವೆ. ಅಲ್ಲಿ ತುಂಡು ದಾರಗಳನ್ನು ಕಟ್ಟಿ ನೇತುಬಿಡುತ್ತೇವೆ. ನಡುಕಾಂಡ ಮುರಿದು ನರ ಸೋತವರಿಗೆ ಮಣಿಕಟ್ಟು ಜೋತುಬೀಳುತ್ತದೆ, ಬೆರಳ ಬುಡಗಳನ್ನು ನೆಟ್ಟಗೆ ಮಾಡಲಾಗದು, ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಹಿಂಗೈ ಜೋಮು ಹಿಡಿಯುತ್ತದೆ. ಆದರೂ ಮೊಣಕೈಯನ್ನು ನೆಟ್ಟಗೆ ಮಾಡುವ ಶಕ್ತಿ ಉಳಿದಿರುತ್ತದೆ. ಯಾಕೆ ಎಂಬುದಕ್ಕೆ ಈ ನೇತುಬಿಟ್ಟ ತುಂಡುಗಳೇ ಉತ್ತರ. ಕುರ್ಚಿಯ ಬೆನ್ನಿನ ಮೇಲೆ ತೋಳು ಹಾಕಿ ಗಾಢವಾಗಿ ನಿದ್ದೆಹೋದವರಿಗೂ ಮಣಿಕಟ್ಟು ಹೀಗೇ ಜೋಲುತ್ತದೆ, ಅಲ್ಲಿ ಮುರಿತವಿಲ್ಲ, ಬರೀ ಒತ್ತಡ.

ಕಾಂಡದ ಮುರಿತಗಳಲ್ಲಿ ಎಂಟು ಹತ್ತರಲ್ಲಿ ಒಂದರಷ್ಟು ಕಡೆ ಈ ನರಕ್ಕೆ ಪೆಟ್ಟಾಗಿರುತ್ತದೆ, ಬಹುಪಾಲು ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಎಷ್ಟು ಕಾಯಬೇಕು ಎಂಬ ಲೆಕ್ಕವನ್ನೂ ದಾರದ ಮೇಲೆ ಮಾಡಬಹುದು. ನರದ ಎಳೆಗಳು ತುಂಡಾಗಿದ್ದರೆ ಅವು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಪೆಟ್ಟಾದ ಜಾಗದಿಂದ ಮುಂದೋಳಿನ ಬ್ರೇಕಿಯೋರೇಡಿಯಾಲಿಸ್ ಸ್ನಾಯುವಿನ ಕವಲಿನವರೆಗೆ ದಾರವನ್ನು ಅಳೆದರೆ, ಮುರಿತ ಕಾಂಡದ ನಡುವಿನಲ್ಲಿದ್ದಾಗ 10 ಸೆಂ.ಮೀ. ಆಸುಪಾಸು ಬರುತ್ತದೆ. ಅಂದರೆ ನೂರು ದಿನ. ಮೊದಲು ಜೀವ ಬರುವುದು ಆ ಸ್ನಾಯುವಿಗೆ, ಆಮೇಲೆ ಮಣಿಕಟ್ಟಿಗೆ, ಕೊನೆಯಲ್ಲಿ ಬೆರಳು ಮತ್ತು ಹೆಬ್ಬೆರಳಿಗೆ. ಒಂದು ತಿಂಗಳಾದರೂ ಕೈ ಏಳಲಿಲ್ಲ ಎಂದು ಆತಂಕ ಪಡುವವರಿಗೆ ಈ ಅಳತೆಯನ್ನು ತೋರಿಸಿ ಹೇಳುವುದು ಒಳ್ಳೆಯದು. ಕಾಯುವ ಆ ದಿನಗಳಲ್ಲಿ ಮಣಿಕಟ್ಟಿಗೆ ಆಸರೆಪಟ್ಟಿ ಕಟ್ಟಿ, ಬೆರಳ ಕೀಲುಗಳನ್ನು ದಿನವೂ ಇನ್ನೊಂದು ಕೈಯಿಂದ ಮಡಿಸಿ ಬಿಡಿಸದಿದ್ದರೆ, ನರ ಮರಳಿ ಬರುವ ಹೊತ್ತಿಗೆ ಕೀಲುಗಳೇ ಬಿಗಿದುಕೊಂಡಿರುತ್ತವೆ.

ಕಟ್ಟಿಟ್ಟ ನೀಲಿ ದಾರಗಳಿಗೆ ಮರಳೋಣ. ಮುರಿತ ಎಲ್ಲಿದೆ ಎಂಬುದರ ಮೇಲೆ ತುಂಡುಗಳು ಯಾವ ಕಡೆ ಓಡುತ್ತವೆ ಎಂದು ಊಹಿಸಲು ಹೇಳುತ್ತೇವೆ. ಮುರಿತ ಸರ್ಜಿಕಲ್ ನೆಕ್ಕಿನಲ್ಲಿದ್ದರೆ ಕಾಂಡವನ್ನು ಪೆಕ್ಟೊರಾಲಿಸ್ ಒಳಕ್ಕೆ, ಕಂಕುಳ ಕಡೆಗೆ ಎಳೆಯುತ್ತದೆ. ಮುರಿತ ಪೆಕ್ಟೊರಾಲಿಸ್ಸಿಗಿಂತ ಕೆಳಗೆ, ಡೆಲ್ಟಾಯ್ಡಿಗಿಂತ ಮೇಲಿದ್ದರೆ ಮೇಲಿನ ತುಂಡು ಒಳಕ್ಕೆ, ಕೆಳಗಿನ ತುಂಡು ಹೊರಕ್ಕೂ ಮೇಲಕ್ಕೂ. ಡೆಲ್ಟಾಯ್ಡಿಗಿಂತ ಕೆಳಗಿದ್ದರೆ ಲೆಕ್ಕ ತಿರುಗುತ್ತದೆ, ಮೇಲಿನ ತುಂಡೇ ಹೊರಕ್ಕೆ ಹೋಗುತ್ತದೆ. ಪಾಠ ಓದಿ ನೆನಪಿಟ್ಟುಕೊಂಡವರು ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡುತ್ತಾರೆ. ದಾರ ಹಿಡಿದು ಎಳೆದವರು ಮಾಡುವುದಿಲ್ಲ.

ಕೆಳತುದಿಗೆ ಬಂದಾಗ ಹೊತ್ತಾಗಿರುತ್ತದೆ, ಅವಸರವೂ ಬಂದಿರುತ್ತದೆ. ಹೊರಗಡೆಯ ಗುಂಡು ಕ್ಯಾಪಿಟುಲಮ್, ಮುಂದಕ್ಕೂ ಕೆಳಕ್ಕೂ ಮಾತ್ರ ಇದೆ, ಹಿಂದಿನಿಂದ ಹುಡುಕಿದರೆ ಸಿಗದು. ಒಳಗಡೆಯ ರಾಟೆ ಟ್ರಾಕ್ಲಿಯಾ, ಮುಂದಿನಿಂದ ಹಿಂದಿನವರೆಗೂ ಸುತ್ತಿಬರುತ್ತದೆ. ರಾಟೆಯ ಒಳ ಅಂಚು ಹೊರ ಅಂಚಿಗಿಂತ ಸುಮಾರು 6 ಮಿ.ಮೀ. ಕೆಳಗಿಳಿದಿದೆ. ಅಂಗೈ ಮುಂದೆ ಮಾಡಿ ಕೈ ಇಳಿಬಿಟ್ಟಾಗ ಮುಂದೋಳು ಮೈಯಿಂದ ತುಸು ಹೊರಕ್ಕೆ ವಾಲುವುದಕ್ಕೆ ಮುಖ್ಯ ಕಾರಣ ಈ ಇಳಿತ.

ಕೆಳತುದಿಯನ್ನು ಟಾರ್ಚಿನ ಎದುರು ಹಿಡಿದರೆ ರಾಟೆಯ ಮೇಲ್ಗಡೆ ಬೆಳಕು ಮಸುಕಾಗಿ ತೂರಿಬರುತ್ತದೆ. ಮುಂದಿನ ಗುಳಿಗೂ ಹಿಂದಿನ ಗುಳಿಗೂ ನಡುವೆ ಇರುವುದು ಅಷ್ಟು ತೆಳು ಗೋಡೆ. ಕೆಲವರ ಮೂಳೆಯಲ್ಲಿ ಅಲ್ಲಿ ತೂತೇ ಇರುತ್ತದೆ. ಅದು ಪೆಟ್ಟಿನ ಗುರುತಲ್ಲ. ಮಕ್ಕಳು ಚಾಚಿದ ಕೈಯೂರಿ ಬಿದ್ದಾಗ ಮೊಣಕೈ ಹಿಂದಕ್ಕೆ ಬಾಗಿ, ಓಲೆಕ್ರೆನನ್ ತನ್ನ ಗುಳಿಯಲ್ಲಿ ಮೀಟುಗೋಲಿನಂತೆ ಒತ್ತಿ, ಈ ತೆಳು ಜಾಗದಲ್ಲೇ ಮೂಳೆ ಮುರಿಯುತ್ತದೆ. ಕೆಳಗಿನ ತುಂಡು ಸಾಮಾನ್ಯವಾಗಿ ಹಿಂದಕ್ಕೆ ಸರಿಯುತ್ತದೆ, ಮೇಲಿನ ತುಂಡಿನ ಚೂಪು ಮುಂದಕ್ಕೆ ಬರುತ್ತದೆ. ಮುಂಬದಿಯಲ್ಲಿ ಬ್ರೇಕಿಯಲ್ ಅಪಧಮನಿಯ ಕೆಂಪು ದಾರವೂ ಮೀಡಿಯನ್ ನರದ ಹಳದಿ ದಾರವೂ ಕೂತಿರುವುದು ಆ ಚೂಪಿನ ಎದುರಿಗೇ. ಅದಕ್ಕೇ ಇಂಥ ಮಗುವಿನ ಎಕ್ಸ್‌ರೇ ನೋಡುವ ಮುಂಚೆ ಮಣಿಕಟ್ಟಿನ ನಾಡಿ ನೋಡಬೇಕು, ಬೆರಳುಗಳ ಬಣ್ಣ, ಬಿಸಿ ನೋಡಬೇಕು, ಹೆಬ್ಬೆರಳು ತೋರುಬೆರಳ ತುದಿ ಕೂಡಿಸಿ ದುಂಡು ಮಾಡಲು ಹೇಳಬೇಕು. ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದಾಗ ಮಗು ತಾಳಲಾರದ ನೋವಿನಿಂದ ಕಿರುಚಿದರೆ ಅದನ್ನು ಹಟವೆಂದು ಬಿಡಬಾರದು. ಮುಂದೋಳಿನೊಳಗೆ ಒತ್ತಡ ಏರಿ ಸ್ನಾಯು ಸಾಯುತ್ತಿರುವ ಸೂಚನೆ ಅದಾಗಿರಬಹುದು, ಕಾಯಲು ಹೊತ್ತಿರುವುದಿಲ್ಲ.

ಎಕ್ಸ್‌ರೇಯ ಗೆರೆಯನ್ನೂ ಒಣ ಮೂಳೆಯ ಮೇಲೆಯೇ ಕಲಿಸಬಹುದು. ಪಕ್ಕದಿಂದ ನೋಡುತ್ತ ಕಾಂಡದ ಮುಂಬದಿಗೆ ಅಡ್ಡಕೋಲು ತಾಗಿಸಿ ಕೆಳಕ್ಕೆ ಚಾಚಿದರೆ ಅದು ಕ್ಯಾಪಿಟುಲಮ್ಮಿನ ನಡುಭಾಗದಲ್ಲಿ ಹಾಯುತ್ತದೆ, ಏಕೆಂದರೆ ಕೆಳತುದಿ ಇಡಿಯಾಗಿ ಮುಂದಕ್ಕೆ ಬಾಗಿದೆ. ಗೆರೆ ಕ್ಯಾಪಿಟುಲಮ್ಮಿನ ಮುಂದೆಯೇ ಹಾದುಹೋದರೆ ತುಂಡು ಹಿಂದಕ್ಕೆ ಸರಿದಿದೆ ಎಂದರ್ಥ.

ಕೊನೆಯ ಹಳದಿ ದಾರ ಒಳಗುಬಟಿನ ಹಿಂದೆ, ಅಲ್ನರ್ ನರ. ಮೊಣಕೈ ಎಲ್ಲಿಗೋ ತಾಗಿದಾಗ ಕಿರುಬೆರಳಿಗೂ ಉಂಗುರಬೆರಳ ಅರ್ಧಕ್ಕೂ ಜುಮ್ಮೆಂದು ಓಡುವುದು ಇದರಿಂದಲೇ. ಇದೇ ಒಳಗುಬಟಿಗಿಂತ ಸುಮಾರು 5 ಸೆಂ.ಮೀ. ಮೇಲೆ, ಮುಂಬದಿಯಲ್ಲಿ, ನೂರರಲ್ಲಿ ಒಬ್ಬರಿಗೆ ಕೆಳಮುಖದ ಸಣ್ಣ ಮುಳ್ಳೊಂದು ಇರುತ್ತದೆ. ಎಲ್ಲ ಮೂಳೆಗಳಲ್ಲೂ ಒಮ್ಮೆ ಬೆರಳಾಡಿಸಿ ನೋಡುವುದು ಒಳ್ಳೆಯದು, ಅದರಿಂದ ಮೀಡಿಯನ್ ನರ ಒತ್ತಿಹೋಗುವುದುಂಟು.

ಇಷ್ಟಾದ ಮೇಲೆ ಒಣ ಮೂಳೆ ಬಿಟ್ಟು ಸ್ವಂತ ತೋಳು. ಮೊಣಕೈ ಮಡಿಸಿ, ಹೆಗಲ ಹೊರ ಅಂಚಿನ ಸ್ವಲ್ಪ ಕೆಳಗೆ ಮುಂದೆ ಎರಡು ಬೆರಳಿಟ್ಟು, ಮುಂದೋಳನ್ನು ಬಾಗಿಲಿನಂತೆ ಒಳಕ್ಕೂ ಹೊರಕ್ಕೂ ತಿರುಗಿಸಿದರೆ ಬೆರಳಡಿಯಲ್ಲಿ ದೊಡ್ಡ ಉಬ್ಬು, ತೋಡು, ಸಣ್ಣ ಉಬ್ಬು ಒಂದಾದ ಮೇಲೊಂದು ಉರುಳಿಹೋಗುತ್ತವೆ. ಗಟ್ಟಿಯಾಗಿ ಒತ್ತಿದವರಿಗೆ ಡೆಲ್ಟಾಯ್ಡ್ ಬಿಗಿದು ಏನೂ ಸಿಗುವುದಿಲ್ಲ. ಹಗುರವಾಗಿ ಮುಟ್ಟಿ, ತೋಳನ್ನು ಸಡಿಲ ಬಿಡಬೇಕು. ಮೊಣಕೈಯನ್ನು ಮಡಿಸಿದಾಗ ಎರಡು ಗುಬಟುಗಳೂ ಓಲೆಕ್ರೆನನ್ನಿನ ತುದಿಯೂ ತ್ರಿಕೋನವಾಗಿ ನಿಲ್ಲುತ್ತವೆ, ನೆಟ್ಟಗೆ ಮಾಡಿದಾಗ ಒಂದೇ ಗೆರೆಗೆ ಬರುತ್ತವೆ. ಗುಬಟುಗಳ ಮೇಲ್ಗಡೆ ಮುರಿದಿದ್ದರೆ ಈ ತ್ರಿಕೋನ ಕೆಡುವುದಿಲ್ಲ, ಮೊಣಕೈ ಕೀಲು ತಪ್ಪಿದ್ದರೆ ಕೆಡುತ್ತದೆ.

ಆಮೇಲೆ ತೋಳನ್ನು ಪಕ್ಕಕ್ಕೆತ್ತಿ ನೋಡಬೇಕು, ಮೊದಲು ಹೆಬ್ಬೆರಳು ನೆಲದ ಕಡೆ ಮಾಡಿ. ಒಂದು ಹಂತದಲ್ಲಿ ತೋಳು ತಡೆಯುತ್ತದೆ: ದೊಡ್ಡ ಉಬ್ಬು ಮೇಲಿರುವ ಸ್ಕ್ಯಾಪುಲಾದ ಚಾಚುತುದಿಯಾದ ಅಕ್ರೋಮಿಯನ್ನಿನ ಅಡಿಗೆ ಬಂದಿದೆ. ಅಲ್ಲೇ ಅಂಗೈಯನ್ನು ಮೇಲಕ್ಕೆ ತಿರುಗಿಸಿದರೆ ಉಬ್ಬು ಹಿಂದಕ್ಕೆ ಸರಿದು ದಾರಿ ಬಿಡುತ್ತದೆ, ತೋಳು ಕಿವಿಯವರೆಗೆ ಹೋಗುತ್ತದೆ. ಆ 180 ಡಿಗ್ರಿಯಲ್ಲಿ ಹ್ಯೂಮರಸ್ಸಿನ ಪಾಲು ಸುಮಾರು 120, ಉಳಿದ 60 ಸ್ಕ್ಯಾಪುಲಾ ತಿರುಗುವುದರಿಂದ ಬರುತ್ತದೆ. ಹೆಗಲು ಬಿಗಿದವರು ತೋಳೆತ್ತುವಾಗ ಹಿಂದೆ ನಿಂತು ಸ್ಕ್ಯಾಪುಲಾದ ಕೆಳತುದಿಗೆ ಬೆರಳಿಟ್ಟರೆ, ಅದು ತುಂಬ ಬೇಗ ಓಡತೊಡಗುವುದು ತಿಳಿಯುತ್ತದೆ.

ದಾರಗಳನ್ನು ಕಟ್ಟಿದ ಕ್ರಮಕ್ಕೆ ಹಿಂದುಮುಂದಾಗಿ ಬಿಚ್ಚಿ, ಟೇಪಿನ ತುಂಡುಗಳನ್ನು ಮೂಳೆಗೆ ಸಮಾನಾಂತರವಾಗಿ ಮೆಲ್ಲಗೆ ಸುಲಿದು, ಒಣ ಬಟ್ಟೆಯಿಂದ ಒರೆಸುತ್ತೇವೆ. ನಂತರ ಮೂಳೆಯನ್ನು ಬಟ್ಟೆಚೀಲಕ್ಕೆ ಹಾಕಿ ಕೈಗೆ ಕೊಡುತ್ತೇವೆ. ಚೀಲದೊಳಕ್ಕೆ ಒಂದೇ ಕೈ ಹಾಕಿ ಎಡವೋ ಬಲವೋ ಹೇಳಬೇಕು. ತಲೆಯನ್ನೇ ತಡವುತ್ತ ಉಳಿದವರು ತಡಮಾಡುತ್ತಾರೆ. ಹೆಬ್ಬೆರಳನ್ನು ನೇರ ಓಲೆಕ್ರೆನನ್ ಗುಳಿಗೆ ಇಳಿಸಿ, ಅಲ್ಲಿಂದ ದೊಡ್ಡದಾಗಿ ಚಾಚಿದ ಒಳಗುಬಟಿಗೆ ತೋರುಬೆರಳು ಹಾಯಿಸಿದವರು ಕೆಲವೇ ಕ್ಷಣಗಳಲ್ಲಿ ಹೇಳಿಬಿಡುತ್ತಾರೆ.